ರೆಡ್‌ವುಡ್ ಪಾರ್ಕಿನಲ್ಲಿ ಬೆಟ್ಟದ ಓಟ: ಮೇಲಿನ ಗೇಟಿನಿಂದಲೋ, ಕೆಳಗಿನ ಗೇಟಿನಿಂದಲೋ?

ಫ್ರೀಮಾಂಟ್ ಹೊಸಬ

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ವಾಸವಾಗಿದ್ದು, ಬಹುಕಾಲದಿಂದ ಅಲಮೀಡಾ ಕ್ರೀಕ್ ದಂಡೆಯ ಸಮತಟ್ಟು ದಾರಿಯಲ್ಲಿ ಓಡುತ್ತಿದ್ದೇನೆ. ಅಲ್ಲಿ 10 ಮೈಲಿ ಓಡುವುದು ಈಗ ಕಷ್ಟವೆನಿಸುವುದಿಲ್ಲ. ಬೆಟ್ಟಕ್ಕೆ ಬಂದೊಡನೆ ಮಾತ್ರ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮನೆಗೆ ಹತ್ತಿರವೆಂದು ಮಿಷನ್ ಪೀಕ್ ಬೆಟ್ಟಕ್ಕೆ ಹೋದರೆ, ಸ್ಟ್ಯಾನ್‌ಫರ್ಡ್ ಅವೆನ್ಯೂ ಕಡೆಯಿಂದ 3 ಮೈಲಿಗಿಂತ ಸ್ವಲ್ಪವೇ ಹೆಚ್ಚಿನ ದೂರದಲ್ಲಿ 2,000 ಅಡಿಗೂ ಮೀರಿ ಏರಬೇಕು. ಓಟವೆನ್ನುವುದು ಆರಂಭದಲ್ಲೇ ಮುಗಿದು, ಉಳಿದದ್ದೆಲ್ಲ ಬಿಸಿಲಿನ ನಡಿಗೆಯಾಗುತ್ತದೆ. ಕಚೇರಿಯ ಗೆಳೆಯರೊಬ್ಬರು ಓಕ್ಲೆಂಡ್ ಬೆಟ್ಟಗಳಲ್ಲಿರುವ ರೆಡ್‌ವುಡ್ ರೀಜನಲ್ ಪಾರ್ಕಿಗೆ ಹೋಗುವಂತೆ ಹೇಳಿದರು. ನಕ್ಷೆ ತೆರೆದು ನೋಡಿದರೆ ಒಂದರ ಪಕ್ಕ ಒಂದು ದಾರಿ, ಅವುಗಳ ನಡುವೆ ಹತ್ತಾರು ಅಡ್ಡದಾರಿಗಳು.

ಅಲ್ಲಿ ಓಡಿ ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು. ಸಮತಟ್ಟು ನೆಲದಲ್ಲಿ ಪಳಗಿದ ಕಾಲುಗಳಿಗೆ ಮೊದಲು ಯಾವ ದಾರಿ ತಕ್ಕದ್ದು? ಯಾವ ಗೇಟಿನಿಂದ ಹೊರಡಬೇಕು? ಮುಂದೊಂದು ವರ್ಷ ಆಗಸ್ಟ್ ತಿಂಗಳ ಸ್ಕೈಲೈನ್ 50ಕೆ ಎಂಬ 50 ಕಿಲೋಮೀಟರ್ ಓಟವನ್ನು ಓಡಬೇಕೆಂಬ ಆಸೆಯಿದೆ. ಅದರ ದಾರಿಯೂ ಈ ಪಾರ್ಕಿನೊಳಗೆ ಹಾಯುತ್ತದೆ ಎಂದು ಕೇಳಿದ್ದೇನೆ. ಅದಕ್ಕೆ ಒದಗುವ ಹಾಗೆ ಅಭ್ಯಾಸವನ್ನು ಕಟ್ಟಿಕೊಳ್ಳುವುದು ಹೇಗೆ?

ಬೆಟ್ಟಸಾಲು

ನಿಮ್ಮ ಗೆಳೆಯರು ಸರಿಯಾದ ಸಲಹೆಯನ್ನೇ ಕೊಟ್ಟಿದ್ದಾರೆ. ಮಿಷನ್ ಪೀಕ್ 2,517 ಅಡಿ ಎತ್ತರದ ಒಂದೇ ಏರು. ಅಲ್ಲಿ ಏರುವುದನ್ನು ಬಿಟ್ಟರೆ ಇಳಿಯುವುದೊಂದೇ ಉಳಿಯುತ್ತದೆ. ಬೆಟ್ಟದ ಓಟವನ್ನು ಕಲಿಯುವವರಿಗೆ ಬೇಕಾದದ್ದು ಏರು, ಇಳಿಜಾರು, ಸ್ವಲ್ಪ ಸಮತಟ್ಟು, ಮತ್ತೆ ಏರು ಎಂಬಂತೆ ಬದಲಾಗುತ್ತ ಹೋಗುವ ನೆಲ. ರೆಡ್‌ವುಡ್ ಪಾರ್ಕಿನಲ್ಲಿ ಅದು ಯಥೇಚ್ಛವಾಗಿದೆ.

ನಕ್ಷೆ ಗೋಜಲಾಗಿ ಕಾಣುವುದು ನಿಜವಾದರೂ ಅಲ್ಲಿನ ಭೂಮಿಯ ಆಕಾರ ಸರಳವಾದದ್ದು. ಅಕ್ಕಿ ಕೇರುವ ಮೊರವನ್ನು ನೆನೆಸಿಕೊಳ್ಳಿ. ಮೊರದ ಹಿಂಬದಿಯ ಎತ್ತರದ ಅಂಚಿನಲ್ಲಿ, ಉತ್ತರ ತುದಿಯಲ್ಲಿ, ಸ್ಕೈಲೈನ್ ಗೇಟ್ ಇದೆ. ಎಡಬಲದ ಎರಡು ಅಂಚುಗಳೇ ಈಸ್ಟ್ ರಿಡ್ಜ್ ಮತ್ತು ವೆಸ್ಟ್ ರಿಡ್ಜ್ ಎಂಬ ಎರಡು ಏಣುಗಳು. ನಡುವಿನ ತಗ್ಗಿನಲ್ಲಿ ರೆಡ್‌ವುಡ್ ಕ್ರೀಕ್ ಹರಿಯುತ್ತದೆ, ಅದರ ಜೊತೆಜೊತೆಗೇ ಸ್ಟ್ರೀಮ್ ಟ್ರೇಲ್ ಸಾಗುತ್ತದೆ. ಮೊರದ ತೆರೆದ ಬಾಯಿಯಲ್ಲಿ, ದಕ್ಷಿಣಕ್ಕೆ, ರೆಡ್‌ವುಡ್ ರೋಡಿನಿಂದ ಒಳಬರುವ ಕ್ಯಾನ್ಯನ್ ಮೆಡೋ ಎಂಬ ಕೆಳಗಿನ ಗೇಟಿದೆ. ವೆಸ್ಟ್ ರಿಡ್ಜಿನ ಕೆಳಗೆ, ಬೆಟ್ಟದ ಮಗ್ಗುಲಲ್ಲಿ, ಫ್ರೆಂಚ್ ಟ್ರೇಲ್ ಎಂಬ ಕಿರಿದಾದ ಕಾಲುದಾರಿ ಅದಕ್ಕೆ ಸಮಾನಾಂತರವಾಗಿ ಹೋಗುತ್ತದೆ. ನೀವು ಹೇಳುವ ಅಡ್ಡದಾರಿಗಳೆಲ್ಲ ಏಣಿನಿಂದ ತಗ್ಗಿಗೆ ಇಳಿಯುವ ಕೊಂಡಿಗಳು. ಪೂರ್ವದ ಕಡೆಯಿಂದ ಪ್ರಿನ್ಸ್ ಮತ್ತು ಕ್ಯಾನ್ಯನ್, ಪಶ್ಚಿಮದ ಕಡೆಯಿಂದ ಟ್ರೆಸ್ ಸೆಂಡಾಸ್, ಸ್ಟಾರ್‌ಫ್ಲವರ್, ಫರ್ನ್, ಮಿಲ್, ಚೌನ್ ಮತ್ತು ಆರ್ಚರ್ಡ್. ಇಷ್ಟು ತಲೆಯಲ್ಲಿದ್ದರೆ ಯಾವ ಕವಲಿನಲ್ಲಿ ನಿಂತರೂ ಏರಿದರೆ ಏಣು, ಇಳಿದರೆ ಹೊಳೆ ಎಂಬ ತಿಳಿವಳಿಕೆ ಕೈಬಿಡುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಹುಪಾಲು ಜನರು ಸ್ಕೈಲೈನ್ ಗೇಟಿನಿಂದ ಓಡಲು ಆರಂಭಿಸುತ್ತಾರೆ, ಏಕೆಂದರೆ ಅಲ್ಲಿಗೆ ತಲುಪುವುದು ಸುಲಭ ಮತ್ತು ಓಟದ ಮೊದಲ ಭಾಗ ಹಾಯಾಗಿರುತ್ತದೆ. ಹೊಸಬರಿಗೆ ತೊಡಕಾಗುವುದೂ ಅದೇ. ಮೇಲಿನಿಂದ ಹೊರಟವರು ಹಗುರವಾದ ಕಾಲುಗಳಿಂದ ಇಳಿದು, ದಣಿದ ಕಾಲುಗಳಿಂದ ಏರಬೇಕಾಗುತ್ತದೆ. ಸ್ಟ್ರೀಮ್ ಟ್ರೇಲ್ ಕೆಳಗಡೆ ಎಷ್ಟೇ ಸೌಮ್ಯವಾಗಿದ್ದರೂ ಸ್ಕೈಲೈನ್ ಗೇಟಿಗೆ ಹತ್ತಿರವಾದಂತೆ ಕಡಿದಾಗುತ್ತದೆ. ಕೆಳಗಿನ ಗೇಟಿನಿಂದ ಹೊರಟರೆ ಈ ಕ್ರಮವೇ ತಿರುಗಿಬಿಡುತ್ತದೆ. ಮೊದಲು ಹೊಳೆಯ ಪಕ್ಕದ ಡಾಂಬರು ದಾರಿ, ಟ್ರೇಲ್ಸ್ ಎಂಡ್ ಎಂಬ ತಂಗುದಾಣದ ನಂತರ ಮಣ್ಣಿನ ದಾರಿ, ಆಮೇಲೆ ನಿಧಾನವಾಗಿ ಹೆಚ್ಚುವ ಏರು. ಎಲ್ಲಿ ಉಸಿರು ಸಾಲದೋ ಅಲ್ಲಿಂದ ಹಿಂದಿರುಗಿದರೆ ವಾಪಸು ದಾರಿಯೆಲ್ಲ ಇಳಿಜಾರೇ. ಆದ್ದರಿಂದ ಹೊಸಬರಿಗೆ ನನ್ನ ಸಲಹೆ ಖಚಿತವಾಗಿದೆ: ಕೆಳಗಿನಿಂದ ಹೊರಡಿ.

ನಸುಕಿನ ಓಟ

ಬೆಟ್ಟಸಾಲು ಅವರ ಭೂವಿವರಣೆಯನ್ನು ಪೂರ್ತಿಯಾಗಿ ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಸ್ಕೈಲೈನ್ ಗೇಟಿನಿಂದ ಹೊರಟವರೆಲ್ಲ ಒಡನೆಯೇ ಕಣಿವೆಗೆ ಇಳಿಯಲೇಬೇಕೆಂಬ ನಿಯಮವೇನೂ ಇಲ್ಲ. ವೆಸ್ಟ್ ರಿಡ್ಜ್ ದಾರಿಯ ಮೊದಲ ಒಂದು ಮೈಲಿ ಅಗಲವಾಗಿ, ಹೆಚ್ಚುಕಡಿಮೆ ಸಮತಟ್ಟಾಗಿಯೇ ಇದೆ. ಅಲಮೀಡಾ ಕ್ರೀಕ್ ದಂಡೆಯಿಂದ ಬರುವವರಿಗೆ ಬೆಟ್ಟದ ಮಣ್ಣು, ಕಲ್ಲು, ಬೇರುಗಳ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಈಸ್ಟ್ ರಿಡ್ಜ್ ಕೂಡ ಆರಂಭದಲ್ಲಿ ಅಂಥದ್ದೇ. ಅಲೆಯಲೆಯಾಗಿ ಏರಿಳಿಯುತ್ತದೆ, ಆದರೆ ಯಾವ ಏರೂ ಬಹಳ ಹೊತ್ತು ಮುಂದುವರಿಯುವುದಿಲ್ಲ. ಏಣಿನ ಮೇಲೆಯೇ ಹೋಗಿ ಏಣಿನ ಮೇಲೆಯೇ ಹಿಂದಿರುಗುವವರಿಗೆ ಕೊನೆಯ ಕಡಿದಾದ ಏರಿನ ಪ್ರಶ್ನೆಯೇ ಬರುವುದಿಲ್ಲ.

ಇನ್ನೊಂದು ಮಾತು. ಪ್ರಶ್ನೆ ಕೇಳಿದವರು 50 ಕಿಲೋಮೀಟರ್ ಓಟದ ಆಸೆಯನ್ನು ಹೇಳಿಕೊಂಡಿದ್ದಾರೆ. ದೀರ್ಘ ಓಟದಲ್ಲಿ ಕಷ್ಟ ಬರುವುದು ದಣಿದ ಕಾಲುಗಳಿಂದ ಏರುವಾಗಲೇ ಹೊರತು ಹೊಸ ಕಾಲುಗಳಿಂದ ಏರುವಾಗ ಅಲ್ಲ. ಪ್ರತಿ ವಾರವೂ ಏರನ್ನು ಮೊದಲು ಮುಗಿಸಿ, ಇಳಿಜಾರಿನಲ್ಲಿ ಹಾಯಾಗಿ ಕಾರು ತಲುಪುವ ಅಭ್ಯಾಸ ಮಾಡಿಕೊಂಡವರು ಓಟದ ದಿನ ಏನು ಮಾಡುತ್ತಾರೆ?

ಬೆಟ್ಟಸಾಲು

ನಸುಕಿನ ಓಟ ಅವರೇ, ಏಣಿನ ಮೇಲೆಯೇ ಹೋಗಿಬರುವ ಸಲಹೆ ಚೆನ್ನಾಗಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಾಲಿಗೆ ಬೆಟ್ಟ ಹಿಡಿಯಬೇಕಾದರೆ ಒಂದಲ್ಲ ಒಂದು ದಿನ ತಗ್ಗಿಗೆ ಇಳಿಯಲೇಬೇಕು, ನಾನು ಮಾತನಾಡುತ್ತಿದ್ದದ್ದು ಆ ದಿನದ ಬಗ್ಗೆ. ದಣಿದ ಕಾಲಿನ ಏರು ಅಗತ್ಯವೇ ಹೌದು. ಅದು ಎರಡನೆಯ ಹಂತದ ಪಾಠ. ಮೊದಲ ಹಂತದಲ್ಲಿ ಮನಸ್ಸಿಗೆ ಬೇಕಾದದ್ದು, ಬೇಡವೆನಿಸಿದಾಗ ನಿಲ್ಲಿಸಬಹುದೆಂಬ ಧೈರ್ಯ. ಮೇಲಿನಿಂದ ಇಳಿದವರಿಗೆ ಆ ಆಯ್ಕೆ ಇರುವುದಿಲ್ಲ, ಕಾರು ಮೇಲಿದೆ.

ಸ್ಕೈಲೈನ್ 50ಕೆ ವಿಷಯದಲ್ಲಿ ಒಂದು ವಿವರ. ಆ ಓಟ ಕ್ಯಾಸ್ಟ್ರೋ ವ್ಯಾಲಿಯ ಲೇಕ್ ಶಬೋ ಬಳಿಯಿಂದ ಹೊರಟು, ಸ್ಕೈಲೈನ್ ಗೇಟ್ ಮುಟ್ಟಿ, ಹಿಂದಿರುಗುತ್ತದೆ. ಅಂದರೆ ರೆಡ್‌ವುಡ್ ಪಾರ್ಕಿನ ಮಟ್ಟಿಗೆ ಓಟಗಾರರು ಕೆಳಗಿನಿಂದ ಮೇಲಕ್ಕೇ ಬಂದು ಆಮೇಲೆ ಇಳಿಯುತ್ತಾರೆ.

ನಸುಕಿನ ಓಟ

ಇಳಿದ ಮೇಲೆ ಏನಾಗುತ್ತದೆ ಎಂಬುದನ್ನೂ ಹೇಳಬೇಕಿತ್ತು. ರೆಡ್‌ವುಡ್ ಪಾರ್ಕಿನಿಂದ ಹೊರಬಿದ್ದು, ರೆಡ್‌ವುಡ್ ರೋಡನ್ನು ದಾಟಿ, ಮ್ಯಾಕ್‌ಡೊನಾಲ್ಡ್ ಟ್ರೇಲಿನ ಏರನ್ನು ಹತ್ತಿಯೇ ಬಾರ್ಟ್ ಮೆಡೋ ಕಡೆಗೆ ಹೋಗಬೇಕು. ಆಗಸ್ಟ್ ತಿಂಗಳ ಮಧ್ಯಾಹ್ನದಲ್ಲಿ, ನೆರಳಿನ ಕಾಡು ಮುಗಿದ ಮೇಲೆ, ಆ ಏರು ಎದುರಾಗುತ್ತದೆ. ಹಾಗಾಗಿ ಇಳಿದು ದಣಿದವರು ಏರುವ ಪಾಠದಿಂದ ತಪ್ಪಿಸಿಕೊಳ್ಳುವಂತಿಲ್ಲ. ಎರಡನೆಯ ಹಂತದ ಪಾಠವೆಂದರೆ ಒಪ್ಪುತ್ತೇನೆ, ಆದರೆ ಆ ಎರಡನೆಯ ಹಂತ ಬೇಗ ಬರಲಿ ಎಂದಷ್ಟೇ ನನ್ನ ವಾದ.

ಫ್ರೀಮಾಂಟ್ ಹೊಸಬ

ಇಬ್ಬರಿಗೂ ಧನ್ಯವಾದಗಳು. ಮೊರದ ಹೋಲಿಕೆಯಿಂದ ನಕ್ಷೆ ಒಮ್ಮೆಲೇ ಬಿಡಿಸಿಕೊಂಡಿತು. ಹಾಗಾದರೆ ಮೊದಲು ಏಣಿನ ಮೇಲೆ ಹೋಗಿಬರುವುದು, ನಂತರ ಕೆಳಗಿನ ಗೇಟಿನಿಂದ ಸ್ಟ್ರೀಮ್ ಟ್ರೇಲ್, ಕಾಲು ಬಲಿತ ಮೇಲೆ ಮೇಲಿನ ಗೇಟಿನಿಂದ ಪೂರ್ತಿ ಸುತ್ತು ಎಂಬ ಕ್ರಮವನ್ನು ಇಟ್ಟುಕೊಳ್ಳುತ್ತೇನೆ. ಫ್ರೆಂಚ್ ಟ್ರೇಲ್ ಯಾವ ಹಂತಕ್ಕೆ ಸೇರುತ್ತದೆ? ಕೆಲವರು ಅದನ್ನು ಅತಿ ಸುಂದರ ದಾರಿಯೆಂದು ಹೊಗಳುತ್ತಾರೆ, ಕೆಲವರು ಅಲ್ಲಿ ಕಾಲು ಉಳುಕಿಸಿಕೊಂಡ ಕಥೆ ಹೇಳುತ್ತಾರೆ. ಇನ್ನೊಂದು ಸಂದೇಹ: ನನ್ನ ಕೈಗಡಿಯಾರದಲ್ಲಿ ಮೈಲಿಗೆ ಇಷ್ಟು ನಿಮಿಷವೆಂದು ವೇಗವನ್ನು ನೋಡಿಕೊಂಡೇ ಓಡುವ ರೂಢಿ ನನ್ನದು. ಬೆಟ್ಟದಲ್ಲಿ ಅದನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಮಲೆನಾಡಿಗ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಗಡಿಯಾರದ ವೇಗವನ್ನು ಈ ಕಣಿವೆಯಲ್ಲಿ ನಂಬಬೇಡಿ. ಎರಡು ಏಣುಗಳ ನಡುವಿನ ಆಳದಲ್ಲಿ, ಎತ್ತರದ ರೆಡ್‌ವುಡ್ ಮರಗಳ ದಟ್ಟ ಚಾವಣಿಯ ಕೆಳಗೆ, ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ನೀವು ನೇರವಾಗಿ ಓಡುತ್ತಿದ್ದರೂ ಗಡಿಯಾರದ ನಕ್ಷೆಯಲ್ಲಿ ಹೊಳೆಯ ಆಚೆ ಈಚೆ ಜಿಗಿದಂತೆ ಗೆರೆ ಮೂಡುತ್ತದೆ. ಸಂಕೇತ ಸರಿಯಾಗಿದ್ದಾಗಲೂ ಬೆಟ್ಟದಲ್ಲಿ ಮೈಲಿಯ ಲೆಕ್ಕಕ್ಕೆ ಅರ್ಥ ಕಡಿಮೆ. ಒಂದೂವರೆ ಗಂಟೆ ಓಡುತ್ತೇನೆ ಎಂದು ಕಾಲದ ಲೆಕ್ಕ ಹಾಕಿ ಹೊರಡಿ, ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುವಷ್ಟು ಉಸಿರು ಉಳಿಸಿಕೊಳ್ಳಿ. ಏರಿನಲ್ಲಿ ಮಾತು ತುಂಡಾದರೆ ನಡೆಯಿರಿ. ಕಡಿದಾದ ಏರಿನಲ್ಲಿ ತೊಡೆಯ ಮೇಲೆ ಕೈಯೂರಿ ಬಿರುಸಾಗಿ ನಡೆಯುವವರು, ಹೆಜ್ಜೆ ಎಳೆದುಕೊಂಡು ಓಡುವವರಿಗೆ ಸಮನಾಗಿಯೇ ಸಾಗುತ್ತಾರೆ, ಮೇಲೆ ತಲುಪಿದಾಗ ಅವರಿಗಿಂತ ಹೆಚ್ಚು ಕಸುವು ಉಳಿಸಿಕೊಂಡಿರುತ್ತಾರೆ. ನುರಿತ ಓಟಗಾರರೂ ದೀರ್ಘ ಓಟಗಳಲ್ಲಿ ಹೀಗೆಯೇ ಮಾಡುತ್ತಾರೆ. ರಸ್ತೆಯ ಓಟದಿಂದ ಬಂದವರಿಗೆ ಇದನ್ನು ಒಪ್ಪಿಕೊಳ್ಳಲು ಅಭಿಮಾನ ಅಡ್ಡಬರುತ್ತದೆ, ಅಷ್ಟೇ.

ಫ್ರೆಂಚ್ ಟ್ರೇಲ್ ಕುರಿತು ಹೇಳುವುದಾದರೆ, ಈ ಪಾರ್ಕಿನಲ್ಲಿ ನಾನು ಬೇರೆ ಯಾವ ದಾರಿಯನ್ನು ಬಿಟ್ಟರೂ ಅದನ್ನು ಬಿಡಲಾರೆ. ಕೊಪ್ಪ, ಶೃಂಗೇರಿ ಕಡೆಯ ಕಾಡಿನ ಕಾಲುದಾರಿಗಳಲ್ಲಿ ಬೆಳೆದವನಿಗೆ ಆ ತೇವ, ಆ ನೆರಳು, ಮಣ್ಣಿನ ಆ ಮೆತ್ತಗಿನ ಸದ್ದು ಅಪರಿಚಿತವೆನಿಸಲಿಲ್ಲ. ಮರಗಳು ಮಾತ್ರ ಬೇರೆ. ಅಲ್ಲಿನ ಮೂಲ ರೆಡ್‌ವುಡ್ ಕಾಡನ್ನು 19ನೇ ಶತಮಾನದ ಮಧ್ಯಭಾಗದಲ್ಲಿ, ಸುತ್ತಲಿನ ಊರುಗಳ ಕಟ್ಟಡಗಳಿಗೆಂದು ಕಡಿದು ಮುಗಿಸಿದ್ದರು. ಈಗ ಕಾಣುವುದು ಆ ಬುಡಗಳಿಂದ ಚಿಗುರಿ ಬೆಳೆದ ಮರಗಳು. ಆದ್ದರಿಂದಲೇ ಕಡಿದ ಬುಡದ ಸುತ್ತ ಅವು ವೃತ್ತಾಕಾರವಾಗಿ ನಿಂತಿರುತ್ತವೆ. ಓಟಗಾರರಿಗೆ ಇದರಿಂದಾಗುವ ಪರಿಣಾಮವೆಂದರೆ ಬೇರುಗಳು. ರೆಡ್‌ವುಡ್ ಮರದ ಬೇರುಗಳು ಆಳಕ್ಕಿಳಿಯದೆ ನೆಲದ ಮೇಲ್ಪದರದಲ್ಲೇ ಹರಡುತ್ತವೆ. ದಾರಿಯ ಮೇಲೆ ಎಲೆತರಗು ಮುಚ್ಚಿಕೊಂಡಿರುವುದರಿಂದ ಅವು ಕಾಣಿಸುವುದೂ ಇಲ್ಲ. ಹೆಜ್ಜೆಯನ್ನು ಚಿಕ್ಕದಾಗಿಟ್ಟು, ಕಾಲನ್ನು ಸ್ವಲ್ಪ ಹೆಚ್ಚೇ ಎತ್ತಿ, ಎರಡು ಮೂರು ಮಾರು ಮುಂದಕ್ಕೆ ನೋಟವಿಟ್ಟು ಓಡುವುದನ್ನು ರೂಢಿಸಿಕೊಂಡ ಮೇಲೆ ಅಲ್ಲಿಗೆ ಹೋಗಿ. ಫ್ರೆಂಚ್ ಟ್ರೇಲ್ ಎಲ್ಲಿಯೂ ನಿಮ್ಮನ್ನು ಒಂದೇ ಲಯದಲ್ಲಿ ಓಡಲು ಬಿಡುವುದಿಲ್ಲ. ಕಣಿವೆಯ ಪ್ರತಿ ಮಡಿಕೆಗೂ ಇಳಿದು, ಪ್ರತಿ ಮಡಿಕೆಯಿಂದಲೂ ಏರುತ್ತದೆ. ನಕ್ಷೆಯಲ್ಲಿ ವೆಸ್ಟ್ ರಿಡ್ಜಿನಷ್ಟೇ ಉದ್ದವಾಗಿ ಕಂಡರೂ ಅದಕ್ಕಿಂತ ಬಹಳ ಹೆಚ್ಚಿನ ಹೊತ್ತು ತೆಗೆದುಕೊಳ್ಳುತ್ತದೆ.

ಪಾರ್ಕಿನ ಇತಿಹಾಸದಲ್ಲಿ ಆಸಕ್ತಿಯಿದ್ದರೆ ಇನ್ನೊಂದು ಸಂಗತಿಯಿದೆ. ಕಡಿಯುವ ಮೊದಲು ಇಲ್ಲಿನ ಕೆಲವು ಮರಗಳು ಎಷ್ಟು ಎತ್ತರವಾಗಿದ್ದವೆಂದರೆ, ಗೋಲ್ಡನ್ ಗೇಟ್ ಜಲಸಂಧಿಯ ಮೂಲಕ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಒಳಬರುವ ನಾವಿಕರು ಅವುಗಳನ್ನು ಗುರುತಾಗಿಟ್ಟುಕೊಂಡು, ನೀರಿನೊಳಗಿನ ಬ್ಲಾಸಮ್ ರಾಕ್ ಎಂಬ ಬಂಡೆಯಿಂದ ಹಡಗನ್ನು ತಪ್ಪಿಸುತ್ತಿದ್ದರು. ಆ ಬಂಡೆಯನ್ನೇ 1870ರಲ್ಲಿ ಸಿಡಿಮದ್ದಿಟ್ಟು ಒಡೆದರು. ಮರಗಳಿದ್ದ ಜಾಗವನ್ನು ಗುರುತಿಸಿ ಫಲಕ ನೆಟ್ಟಿದ್ದಾರೆ; ವೆಸ್ಟ್ ರಿಡ್ಜ್ ಕಡೆ ಓಡುವ ದಿನ ಒಂದು ನಿಮಿಷ ನಿಂತು ನೋಡಬಹುದು.

ಮಂಡಿಯ ಮಾತು

ಇಲ್ಲಿಯವರೆಗಿನ ಚರ್ಚೆಯೆಲ್ಲ ಏರಿನ ಸುತ್ತಲೇ ಸುತ್ತುತ್ತಿದೆ. ನನ್ನ ದೃಷ್ಟಿಯಲ್ಲಿ ಸಮತಟ್ಟು ನೆಲದಿಂದ ಬಂದವರನ್ನು ಹಾಸಿಗೆ ಹಿಡಿಸುವುದು ಇಳಿಜಾರು. ಏರುವಾಗ ತೊಡೆಯ ಸ್ನಾಯುಗಳು ಕುಗ್ಗುತ್ತ ಕೆಲಸ ಮಾಡುತ್ತವೆ. ಇಳಿಯುವಾಗ ಮೈಭಾರವನ್ನು ತಡೆಹಿಡಿಯಲು ಅವೇ ಸ್ನಾಯುಗಳು ಹಿಗ್ಗುತ್ತ ಕೆಲಸ ಮಾಡಬೇಕಾಗುತ್ತದೆ. ರೂಢಿಯಿಲ್ಲದ ಕಾಲಿಗೆ ಈ ಎರಡನೆಯ ಕೆಲಸದಿಂದ ಹೆಚ್ಚು ಪೆಟ್ಟು ಬೀಳುತ್ತದೆ. ಅದರ ನೋವು ಅಂದೇ ತಿಳಿಯದೆ ಮರುದಿನ ಅಥವಾ ಅದರ ಮರುದಿನ ತೀವ್ರವಾಗುತ್ತದೆ. ಓಟದ ಹೊತ್ತಿಗೆ ಉಸಿರಿಗೆ ಕಷ್ಟವೇ ಇಲ್ಲದಿರುವುದರಿಂದ ಜನರು ಇಳಿಜಾರಿನಲ್ಲಿ ಮಿತಿ ಮೀರುತ್ತಾರೆ. ಸಮಾಧಾನದ ಸಂಗತಿಯೆಂದರೆ, ಒಮ್ಮೆ ಮಿತವಾಗಿ ಇಳಿದು ನೋವುಂಡ ಸ್ನಾಯುಗಳು ಮುಂದಿನ ಕೆಲವು ವಾರಗಳವರೆಗೆ ಅದೇ ಪ್ರಮಾಣದ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಆದ್ದರಿಂದ ಇಳಿಯುವ ದೂರವನ್ನೂ, ಕಡಿದನ್ನೂ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು.

ಈ ಲೆಕ್ಕದಲ್ಲಿ ನೋಡಿದರೆ ಕೆಳಗಿನಿಂದಲೋ ಮೇಲಿನಿಂದಲೋ ಎಂಬ ಪ್ರಶ್ನೆಗಿಂತ, ಯಾವ ದಾರಿಯಲ್ಲಿ ಇಳಿಯುತ್ತೀರಿ ಎಂಬ ಪ್ರಶ್ನೆ ದೊಡ್ಡದು. ಈಸ್ಟ್ ರಿಡ್ಜಿನ ತುದಿಯಿಂದ ಕ್ಯಾನ್ಯನ್ ಟ್ರೇಲ್ ಹಿಡಿದು ಕ್ಯಾನ್ಯನ್ ಮೆಡೋಗೆ ಇಳಿಯುವುದು ಕಡಿದಾದ ದಾರಿ, ಜೊತೆಗೆ ಜಲ್ಲಿ ಜಾರುತ್ತದೆ. ಅದನ್ನು ಏರಲು ಬಳಸಿ, ಇಳಿಯಲು ಬಳಸಬೇಡಿ. ಇಳಿಯಲು ಸ್ಟ್ರೀಮ್ ಟ್ರೇಲ್ ಉತ್ತಮ. ಮೇಲ್ಭಾಗದ ಕಡಿದನ್ನು ನಡೆದು ಇಳಿದರೆ ಉಳಿದದ್ದು ಮಂಡಿಗೆ ಹಿತವಾಗಿದೆ. ಹೀಗಾಗಿ ನಾನು ಕೊಡುವ ಸುತ್ತು ಇದು: ಕೆಳಗಿನ ಗೇಟು, ಕ್ಯಾನ್ಯನ್ ಟ್ರೇಲಿನಲ್ಲಿ ನಡೆಯುತ್ತ ಏರು, ಈಸ್ಟ್ ರಿಡ್ಜಿನ ಮೇಲೆ ಓಟ, ಪ್ರಿನ್ಸ್ ದಾರಿಯಲ್ಲಿ ಇಳಿದು ಸ್ಟ್ರೀಮ್ ಟ್ರೇಲ್ ಸೇರಿ ವಾಪಸು. ಶಕ್ತಿಯಿದ್ದ ದಿನ ಪ್ರಿನ್ಸ್ ಬಿಟ್ಟು ಸ್ಕೈಲೈನ್ ಗೇಟಿನವರೆಗೂ ಹೋಗಿ ಇಳಿಯಬಹುದು.

ಶನಿವಾರದ ಗುಂಪು

ನಮ್ಮದು ಹೆಂಗಸರ ಒಂದು ಸಣ್ಣ ಗುಂಪು. ಶನಿವಾರ ಬೆಳಿಗ್ಗೆ ಇದೇ ಪಾರ್ಕಿನಲ್ಲಿ ಓಡುತ್ತೇವೆ. ಹೊಸಬರು ಕೇಳದೇ ಇದ್ದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ದಾರಿಯ ಆಯ್ಕೆಯಲ್ಲಿ ಇವೂ ಲೆಕ್ಕಕ್ಕೆ ಬರುತ್ತವೆ.

ಕಣಿವೆಯ ತಳದಲ್ಲಿ ಮೊಬೈಲ್ ಸಂಪರ್ಕ ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಒಬ್ಬರೇ ಹೋಗುವ ದಿನ ಏಣಿನ ದಾರಿಗಳನ್ನೇ ಆರಿಸಿಕೊಳ್ಳುವುದು ನಮ್ಮ ರೂಢಿ. ಅಲ್ಲಿ ಜನಸಂಚಾರವೂ ಹೆಚ್ಚು. ಫ್ರೆಂಚ್ ಟ್ರೇಲಿಗೆ ಜೊತೆಯಿಲ್ಲದೆ ಹೋಗುವುದಿಲ್ಲ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ಯಾವ ಗೇಟಿನಿಂದ ಯಾವ ಹೊತ್ತಿಗೆ ಹೊರಬರುತ್ತೇವೆಂದು ಮನೆಯಲ್ಲಿ ಹೇಳಿ ಹೊರಡುತ್ತೇವೆ. ಗೇಟಿನ ಬಳಿ ನೀರು ಸಿಗಬಹುದಾದರೂ ಅದನ್ನು ನೆಚ್ಚಿಕೊಳ್ಳದೆ ಹೊತ್ತೇ ಹೋಗಬೇಕು.

ದಾರಿಯಲ್ಲಿ ನೀವು ಒಬ್ಬರೇ ಇರುವುದಿಲ್ಲ. ಎರಡೂ ಏಣುಗಳಲ್ಲಿ ಸೈಕಲ್ಲಿನವರು ಬರುತ್ತಾರೆ, ಆದ್ದರಿಂದ ಎರಡೂ ಕಿವಿಗಳನ್ನು ಮುಚ್ಚಿಕೊಂಡು ಹಾಡು ಕೇಳುತ್ತ ಓಡಬೇಡಿ. ಕುದುರೆ ಸವಾರರು ಎದುರಾದರೆ ಓಟ ನಿಲ್ಲಿಸಿ, ಪಕ್ಕಕ್ಕೆ ಸರಿದು, ಸವಾರರಿಗೆ ಕೇಳುವಂತೆ ಒಂದು ಮಾತಾಡಿ. ಮೌನವಾಗಿ ಹಿಂದಿನಿಂದ ಓಡಿಬರುವ ಮನುಷ್ಯನಿಗೆ ಕುದುರೆ ಬೆದರುತ್ತದೆ. ನಾಯಿಗಳ ವಿಷಯದಲ್ಲಿ ನಮ್ಮವರಲ್ಲಿ ಅನೇಕರಿಗೆ ಅಂಜಿಕೆಯಿದೆ. ಈ ಪಾರ್ಕಿನ ಹಲವು ದಾರಿಗಳಲ್ಲಿ ನಾಯಿಯನ್ನು ಹಗ್ಗವಿಲ್ಲದೆ ಬಿಡಲು ಅನುಮತಿಯಿದೆ, ಹೊಳೆಯ ಪಕ್ಕದ ಸ್ಟ್ರೀಮ್ ಟ್ರೇಲಿನಲ್ಲಿ ಮಾತ್ರ ಹಗ್ಗ ಕಡ್ಡಾಯ. ನಾಯಿ ಓಡಿಬಂದರೆ ನೀವು ಓಟ ನಿಲ್ಲಿಸಿ ನಡೆಯಿರಿ. ಬಹುಮಟ್ಟಿಗೆ ಅದರ ಆಸಕ್ತಿ ಅಲ್ಲಿಗೇ ಮುಗಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪಾಯಿಸನ್ ಓಕ್. ಊರಿನಿಂದ ಹೊಸದಾಗಿ ಬಂದವರಿಗೆ ಈ ಗಿಡದ ಗುರುತೇ ಇರುವುದಿಲ್ಲ. ಒಂದು ತೊಟ್ಟಿಗೆ ಮೂರು ಎಲೆ, ಎಳೆಯದಿದ್ದಾಗ ಹೊಳಪು, ಬೇಸಿಗೆಯ ಕೊನೆಗೆ ಕೆಂಪು. ಚಳಿಗಾಲದಲ್ಲಿ ಎಲೆ ಉದುರಿ ಬರಿಯ ಕಡ್ಡಿಯಾಗಿ ನಿಂತಾಗಲೂ ಅದರ ಎಣ್ಣೆ ಮೈಗೆ ತಗುಲಿದರೆ ದದ್ದು ಎದ್ದು, ವಾರಗಟ್ಟಲೆ ತುರಿಕೆ ಬಿಡುವುದಿಲ್ಲ. ಕಿರಿದಾದ ಫ್ರೆಂಚ್ ಟ್ರೇಲಿಗೆ ಹೋಗುವ ದಿನ ಉದ್ದನೆಯ ಕಾಲುಚೀಲ ಹಾಕಿಕೊಳ್ಳಿ, ಮನೆಗೆ ಬಂದೊಡನೆ ಸೋಪು ಹಚ್ಚಿ ಕಾಲು ತೊಳೆಯಿರಿ, ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಅಪರಿಚಿತರ ನಾಯಿಯ ಮೈಸವರುವವರಿಗೂ ಅದೇ ಎಚ್ಚರಿಕೆ, ಅದರ ಕೂದಲಿಗೆ ಅಂಟಿದ ಎಣ್ಣೆ ನಿಮ್ಮ ಕೈಗೂ ಬರುತ್ತದೆ. ಹುಲ್ಲು ಬೆಳೆದ ಅಂಚುಗಳಲ್ಲಿ ಉಣುಗು ಹತ್ತುವುದುಂಟು, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಮಲೆನಾಡಿಗ

ಶನಿವಾರದ ಗುಂಪಿನವರು ಹೇಳಿದ ಸೋಪಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬರಿಯ ನೀರಿನಿಂದ ಆ ಎಣ್ಣೆ ಹೋಗುವುದಿಲ್ಲ.

ಬೆಟ್ಟಸಾಲು

ಋತುವಿನ ವಿಚಾರವನ್ನು ಯಾರೂ ಎತ್ತಿಲ್ಲವಾದ್ದರಿಂದ ಸೇರಿಸುತ್ತೇನೆ. ಬೇಸಿಗೆಯಲ್ಲಿ ಫ್ರೀಮಾಂಟ್, ಪ್ಲೆಸಂಟನ್ ಕಡೆ ಬೆಳಿಗ್ಗೆಯೇ ಬಿಸಿಲು ಕಾಯುತ್ತಿದ್ದರೂ ಓಕ್ಲೆಂಡ್ ಬೆಟ್ಟಗಳ ಮೇಲೆ ಪೆಸಿಫಿಕ್ ಸಾಗರದ ಮಂಜು ಕವಿದಿರುತ್ತದೆ. ರೆಡ್‌ವುಡ್ ಮರಗಳ ಸೂಜಿ ಎಲೆಗಳು ಆ ಮಂಜನ್ನು ಹಿಡಿದು ಹನಿಯಾಗಿ ಇಳಿಸುವುದರಿಂದ, ಮಳೆಯೇ ಇಲ್ಲದ ಜುಲೈ ತಿಂಗಳಿನಲ್ಲೂ ಮರದ ಕೆಳಗಿನ ನೆಲ ಒದ್ದೆಯಾಗಿರುವುದನ್ನು ಕಾಣಬಹುದು. ಆ ತಿಂಗಳುಗಳಲ್ಲಿ ಮಿಷನ್ ಪೀಕ್ ಬಿಟ್ಟು ಇಲ್ಲಿಗೆ ಬರುವುದು ಜಾಣತನ. ಮಿಷನ್ ಪೀಕ್‌ನಲ್ಲಿ ನೆರಳೇ ಇಲ್ಲ, ಅಲ್ಲಿ ಬಿಸಿಲಿನಿಂದ ಬಳಲಿದವರನ್ನು ಕೆಳಗೆ ಸಾಗಿಸಬೇಕಾಗಿ ಬಂದ ಪ್ರಸಂಗಗಳು ಹೊಸದೇನೂ ಅಲ್ಲ.

ಶರತ್ಕಾಲದಲ್ಲಿ ಗಾಳಿಯ ದಿಕ್ಕು ಬದಲಾಗಿ, ಪೂರ್ವದಿಂದ ಒಣಗಾಳಿ ಬೀಸುತ್ತದೆ. 1991ರ ಅಕ್ಟೋಬರ್ 20ರಂದು ಇದೇ ಬೆಟ್ಟಗಳಲ್ಲಿ ಹಬ್ಬಿದ ಬೆಂಕಿಗೆ 25 ಜನರು ಬಲಿಯಾದರು. ಬೆಂಕಿಯ ಎಚ್ಚರಿಕೆಯಿರುವ ದಿನಗಳಲ್ಲಿ ಪಾರ್ಕುಗಳನ್ನು ಮುಚ್ಚುವುದೂ ಉಂಟು, ಆದ್ದರಿಂದ ಮನೆಯಿಂದ ಹೊರಡುವ ಮೊದಲು, ಈ ಪಾರ್ಕುಗಳನ್ನು ನೋಡಿಕೊಳ್ಳುವ ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟಿನ ಪ್ರಕಟಣೆಯನ್ನು ನೋಡಿ. ಗಾಳಿಯ ದಿನ ನೀಲಗಿರಿ ಮರಗಳ ಕೆಳಗೆ ನಿಲ್ಲದಿರುವುದು ಒಳ್ಳೆಯದು, ಅವುಗಳ ಕೊಂಬೆ ಮುರಿದು ಬೀಳುವುದು ಸಾಮಾನ್ಯ.

ಚಳಿಗಾಲದಲ್ಲಿ ಸ್ಟ್ರೀಮ್ ಟ್ರೇಲಿಗೆ ಒಮ್ಮೆಯಾದರೂ ಹೋಗಿ. ಪ್ರಿನ್ಸ್ ದಾರಿ ಬಂದು ಸೇರುವ ಜಾಗದ ಸುತ್ತಮುತ್ತ ಲೇಡಿಬಗ್ ಎಂಬ ಕೆಂಪು ಹುಳುಗಳು ಲೆಕ್ಕವಿಲ್ಲದಷ್ಟು ಗುಂಪುಗೂಡಿ, ಬೇಲಿ, ಗಿಡ, ಮರದ ದಿಮ್ಮಿಗಳನ್ನೆಲ್ಲ ಮುಚ್ಚಿ ಕುಳಿತಿರುತ್ತವೆ. ಅವು ದಾರಿಯ ಮೇಲೂ ಇರುವುದರಿಂದ ಅಲ್ಲಿ ಓಡಬೇಡಿ, ನಡೆಯಿರಿ. ಮಳೆ ಬಿದ್ದ ವಾರ ಸ್ಟ್ರೀಮ್ ಟ್ರೇಲಿನ ಮಣ್ಣಿನ ಭಾಗ ಕೆಸರಾಗುತ್ತದೆ. ಆಗ ಈಸ್ಟ್ ರಿಡ್ಜ್ ಬೇಗ ಒಣಗುತ್ತದೆ. ಮಳೆಗಾಲದ ಮಿಷನ್ ಪೀಕ್ ಹಸಿರಾಗಿ ಚೆಂದ ಕಾಣುತ್ತದೆ ನಿಜ, ಆದರೆ ಅಲ್ಲಿನ ಜೇಡಿಮಣ್ಣು ಶೂಗಳಿಗೆ ಮೆತ್ತಿಕೊಂಡು ಕಾಲೆತ್ತುವುದೇ ದುಸ್ತರವಾಗುತ್ತದೆ.

ಮಿಷನ್ ಪೀಕ್ ಪಕ್ಷಪಾತಿ

ಎಲ್ಲರೂ ನಮ್ಮ ಮಿಷನ್ ಪೀಕನ್ನು ಮೂಲೆಗೆ ತಳ್ಳುತ್ತಿರುವುದನ್ನು ನೋಡಿ ಬರೆಯಬೇಕಾಯಿತು. ಓಲೋನಿ ಕಾಲೇಜಿನ ಕಡೆಯಿಂದ ಹತ್ತುವ ದಾರಿಯಲ್ಲಿ ಅಲ್ಲಲ್ಲಿ ಮರಗಳ ನೆರಳಿದೆ, ಜನಜಂಗುಳಿಯೂ ಕಡಿಮೆ. ಸ್ಟ್ಯಾನ್‌ಫರ್ಡ್ ಅವೆನ್ಯೂ ಒಂದನ್ನೇ ನೋಡಿ ಇಡೀ ಬೆಟ್ಟವನ್ನು ಅಳೆಯುವುದು ಸರಿಯಲ್ಲ. ಮೇಲಾಗಿ, ದೀರ್ಘ ಓಟದ ಕನಸಿದ್ದವರಿಗೆ ಇಲ್ಲಿಂದಲೇ 28 ಮೈಲಿಯ ಓಲೋನಿ ವೈಲ್ಡರ್ನೆಸ್ ಟ್ರೇಲ್ ಆರಂಭವಾಗುತ್ತದೆ. ಸುನೋಲ್ ಮೂಲಕ ಹಾದು, 3,817 ಅಡಿಯ ರೋಸ್ ಪೀಕ್ ಬಳಸಿ, ಲಿವರ್ಮೋರಿನ ಡೆಲ್ ವ್ಯಾಲೆಯಲ್ಲಿ ಮುಗಿಯುವ ಆ ದಾರಿಗೆ ಅನುಮತಿ ಪತ್ರ ಬೇಕು. ರೆಡ್‌ವುಡ್‌ನ ನೆರಳಿನಲ್ಲಿ ಮಾತ್ರ ಪಳಗಿದವರಿಗೆ ಅದು ದಕ್ಕುವಂಥದ್ದಲ್ಲ.

ನಸುಕಿನ ಓಟ

ಪಕ್ಷಪಾತಿಗಳೇ, ನಿಮ್ಮ ಬೆಟ್ಟವನ್ನು ಯಾರೂ ತಳ್ಳಿಲ್ಲ, ಮುಂದೂಡಿದ್ದೇವೆ. ಒಂದೇ ಸಮನೆ ಏರುವ ಕಸುವನ್ನು ಬೆಳೆಸಲು ಮಿಷನ್ ಪೀಕ್‌ನಷ್ಟು ಅನುಕೂಲವಾದ ಜಾಗ ಫ್ರೀಮಾಂಟಿನವರಿಗೆ ಬೇರೊಂದಿಲ್ಲ. ಆದರೆ ಓಟವನ್ನು ಅಲ್ಲಿ ಕಲಿಯುವುದು ಕಷ್ಟ.

ರೆಡ್‌ವುಡ್ ಪಾರ್ಕ್ ಕಾಲಿಗೆ ಹಿಡಿದ ಮೇಲೆ ಮುಂದೆ ಎಲ್ಲಿಗೆ ಎಂದು ಕೇಳುವವರಿಗೂ ಉತ್ತರ ಅಲ್ಲಿಯೇ ಇದೆ. ರಿಚ್ಮಂಡಿನ ವೈಲ್ಡ್‌ಕ್ಯಾಟ್ ಕ್ಯಾನ್ಯನ್‌ನಿಂದ ಕ್ಯಾಸ್ಟ್ರೋ ವ್ಯಾಲಿಯವರೆಗೆ 31 ಮೈಲಿ, ಅಂದರೆ ಸುಮಾರು 50 ಕಿಲೋಮೀಟರ್ ಉದ್ದದ ಈಸ್ಟ್ ಬೇ ಸ್ಕೈಲೈನ್ ಟ್ರೇಲ್, ಟಿಲ್ಡನ್, ಸಿಬ್ಲಿ, ಹಕಲ್‌ಬೆರಿ, ರೆಡ್‌ವುಡ್ ಮತ್ತು ಆಂಥೊನಿ ಶಬೋ ಪಾರ್ಕುಗಳನ್ನು ಒಂದರ ನಂತರ ಒಂದರಂತೆ ಪೋಣಿಸುತ್ತದೆ. ಅದನ್ನು ತುಂಡುತುಂಡಾಗಿ ಓಡಿ ಮುಗಿಸುವುದು ಚಳಿಗಾಲದ ಒಳ್ಳೆಯ ಯೋಜನೆ. ಸ್ಕೈಲೈನ್ ಗೇಟಿನಿಂದ ಉತ್ತರಕ್ಕೆ ಹಕಲ್‌ಬೆರಿ ದಾಟಿ ಸಿಬ್ಲಿಯವರೆಗಿನ ತುಂಡು ಚಿಕ್ಕದಾದರೂ ವೈವಿಧ್ಯ ಹೆಚ್ಚು. ಸಿಬ್ಲಿಯಲ್ಲಿರುವುದು ಆರಿಹೋದ ಹಳೆಯ ಜ್ವಾಲಾಮುಖಿಯ ನೆಲ. ಟಿಲ್ಡನ್‌ನಲ್ಲಿ ಇನ್‌ಸ್ಪಿರೇಷನ್ ಪಾಯಿಂಟ್‌ನಿಂದ ಹೊರಡುವ ನಿಮಿಟ್ಜ್ ವೇ ನಾಲ್ಕು ಮೈಲಿಯಷ್ಟು ಡಾಂಬರು ಹಾಕಿದ ಏಣಿನ ದಾರಿ. ಮಕ್ಕಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಓಡುವವರಿಗೆ ನಾನು ಯಾವಾಗಲೂ ಅದನ್ನೇ ಹೇಳುವುದು. ಚಳಿಗಾಲದಲ್ಲಿ ಟಿಲ್ಡನ್‌ಗೆ ಹೋಗುವವರಿಗೆ ಒಂದು ಸೂಚನೆ: ನ್ಯೂಟ್ ಎಂಬ ಹಲ್ಲಿಯಂಥ ಜೀವಿಗಳು ನೀರಿನ ಕಡೆಗೆ ರಸ್ತೆ ದಾಟುವುದರಿಂದ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಸೌತ್ ಪಾರ್ಕ್ ಡ್ರೈವ್ ರಸ್ತೆಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ, ಕಾರಿನಲ್ಲಿ ಹೋಗುವವರು ಬೇರೆ ದಾರಿ ಹಿಡಿಯಬೇಕು.

ಫ್ರೀಮಾಂಟ್ ಹೊಸಬ

ನಾನು ಕೇಳಿದ್ದಕ್ಕಿಂತ ಹೆಚ್ಚೇ ದೊರಕಿತು. ಎಲ್ಲರ ಸಲಹೆಯನ್ನೂ ಕೂಡಿಸಿ ಹೀಗೆ ನಿರ್ಧರಿಸಿದ್ದೇನೆ. ಮೊದಲ ಕೆಲವು ವಾರ ವೆಸ್ಟ್ ರಿಡ್ಜಿನ ಸಮತಟ್ಟು ಭಾಗದಲ್ಲಿ ಹೋಗಿಬರುವುದು, ಗಡಿಯಾರದಲ್ಲಿ ಕಾಲವನ್ನು ಮಾತ್ರ ನೋಡುವುದು. ನಂತರ ಮಂಡಿಯ ಮಾತು ಅವರು ಕೊಟ್ಟ ಸುತ್ತು, ಅಂದರೆ ಕ್ಯಾನ್ಯನ್ ಟ್ರೇಲಿನಲ್ಲಿ ಏರಿ ಪ್ರಿನ್ಸ್ ದಾರಿಯಲ್ಲಿ ಇಳಿಯುವುದು. ವಾರದ ನಡುವೆ ಒಮ್ಮೆ, ಓಲೋನಿ ಕಾಲೇಜಿನ ಕಡೆಯಿಂದ ಮಿಷನ್ ಪೀಕ್‌ಗೆ ಬಿರುಸಾದ ನಡಿಗೆ. ಫ್ರೆಂಚ್ ಟ್ರೇಲಿಗೆ ಯಾರಾದರೂ ಜೊತೆ ಸಿಕ್ಕ ದಿನ ಹೋಗುತ್ತೇನೆ. ಇನ್ನು ಉಳಿದ ಒಂದೇ ಸಂದೇಹ: ಪೂರ್ತಿ ಸುತ್ತು, ಎಂದರೆ ಎರಡೂ ಏಣುಗಳನ್ನು ಕೂಡಿಸಿದ ದಾರಿ, ಎಷ್ಟು ಉದ್ದವಾಗುತ್ತದೆ, ಮತ್ತು ಅದನ್ನು ಯಾವ ದಿಕ್ಕಿನಲ್ಲಿ ಓಡಬೇಕು?

ಬೆಟ್ಟಸಾಲು

ಸುಮಾರು 9 ಮೈಲಿ. ನೀವು ಯಾವ ಅಡ್ಡದಾರಿ ಹಿಡಿಯುತ್ತೀರಿ ಎಂಬುದರ ಮೇಲೆ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ. ದಿಕ್ಕಿನ ವಿಷಯದಲ್ಲಿ ಮಂಡಿಯ ಮಾತು ಅವರ ತತ್ತ್ವವನ್ನೇ ಅನುಸರಿಸಿ. ಕೆಳಗಿನ ಗೇಟಿನಿಂದ ಹೊರಟು ಕ್ಯಾನ್ಯನ್ ಟ್ರೇಲ್ ಏರಿ, ಈಸ್ಟ್ ರಿಡ್ಜ್ ಮೇಲೆ ಉತ್ತರಕ್ಕೆ ಸ್ಕೈಲೈನ್ ಗೇಟಿನವರೆಗೆ ಹೋಗಿ, ಅಲ್ಲಿ ನೀರು ಕುಡಿದು ಸುಧಾರಿಸಿಕೊಂಡು, ವೆಸ್ಟ್ ರಿಡ್ಜ್ ಮೇಲೆ ದಕ್ಷಿಣಕ್ಕೆ ಬಂದು ಇಳಿಯಿರಿ. ವಾರಾಂತ್ಯದಲ್ಲಿ ಕೆಳಗಿನ ಗೇಟಿನ ಕಟ್ಟೆಯಲ್ಲಿ ಸಿಬ್ಬಂದಿ ಕುಳಿತಿದ್ದರೆ ವಾಹನಕ್ಕೆ ಶುಲ್ಕವಿರುತ್ತದೆ, ಸ್ವಲ್ಪ ನಗದು ಇಟ್ಟುಕೊಂಡಿರಿ.

ನಸುಕಿನ ಓಟ

ನಾನಾದರೆ ಇದೇ ಸುತ್ತನ್ನು ಸ್ಕೈಲೈನ್ ಗೇಟಿನಿಂದ ಆರಂಭಿಸುತ್ತೇನೆ. ದಿಕ್ಕು ಅದೇ ಇರಲಿ, ವೆಸ್ಟ್ ರಿಡ್ಜ್ ಇಳಿದ ಮೇಲೆ ಕ್ಯಾನ್ಯನ್ ಟ್ರೇಲಿನ ಏರು ಓಟದ ಉತ್ತರಾರ್ಧದಲ್ಲಿ ಬರಲಿ. ಆದರೆ ಈ ವಾದವನ್ನು ನಿಮ್ಮ ಎರಡನೆಯ ಹಂತಕ್ಕೆ ಕಾಯ್ದಿರಿಸುತ್ತೇನೆ. ಫ್ರೆಂಚ್ ಟ್ರೇಲಿಗೆ ಜೊತೆ ಬೇಕಾದಾಗ ಇಲ್ಲಿಯೇ ತಿಳಿಸಿ. ಮಲೆನಾಡಿಗರು ಹೇಗೂ ಬರುತ್ತಾರೆ, ನಾನೂ ಬರುತ್ತೇನೆ.